ಕಸದ ಗಾಡಿಗೂ ಮಡಿ

ಊರಿನವರ ಮೇಲೆ ನಿಮಗೆ ಗೌರವ ಉಳಿಯಬೇಕು ಎಂದಿದ್ದರೆ ಅವರ ಕಸಕ್ಕೆ ಕೈ ಹಾಕಬೇಡಿ. ನಾನು ಮೂರು ವರ್ಷದಿಂದ ಹಾಕುತ್ತಿದ್ದೇನೆ. ನನ್ನ ಹೆಸರು ರೂಪ, ವಯಸ್ಸು ನಲವತ್ತೊಂದು, ಓದಿದ್ದು ಏಳನೇ ಕ್ಲಾಸು. ಮದ್ದೂರು ಮಳವಳ್ಳಿ ರಸ್ತೆಯ ಮೇಲಿರುವ ನಮ್ಮ ಪಂಚಾಯಿತಿಯ ಕಸದ ಗಾಡಿಯಲ್ಲಿ ಕೆಲಸ. ಹಸಿ ಕಸ ಬೇರೆ ಇಡಿ, ಒಣ ಕಸ ಬೇರೆ ಇಡಿ ಎಂದು ಮನೆಮನೆಗೂ ಎರಡೆರಡು ಬಕೆಟ್ ಹಂಚಿದ್ದರು. ಒಂದರಲ್ಲಿ ಅಕ್ಕಿ ತುಂಬಿಟ್ಟುಕೊಂಡಿದ್ದಾರೆ, ಇನ್ನೊಂದರಲ್ಲಿ ದನಕ್ಕೆ ಕಲಗಚ್ಚು. ನಮಗೆ ಕೊಡುವುದು ಒಂದೇ ಪ್ಲಾಸ್ಟಿಕ್ ಕವರು. ಕೋಳಿ ಕರುಳು, ಮೊನ್ನೆಯ ಸಾರು, ಮಗುವಿನ ಡೈಪರು, ಒಡೆದ ಗಾಜು, ಕಾಗದದಲ್ಲಿ ಸುತ್ತದೇ ಹಾಕಿದ ಪ್ಯಾಡು, ಎಲ್ಲವೂ ಅದರಲ್ಲೇ. ರಂಗೋಲಿ ಹಾಕಿದ ಬಾಗಿಲಲ್ಲಿ ನಿಂತು, ಎರಡೇ ಬೆರಳಲ್ಲಿ ಆ ಕವರು ಹಿಡಿದು, ಇನ್ನೊಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ನನ್ನ ಕಡೆ ಎಸೆಯುತ್ತಾರೆ. ಅವರದೇ ಕಸ, ಅವರಿಗೇ ವಾಸನೆ. ಥೂ.

ಗಾಡಿಯ ಮೈಮೇಲೆ ಸ್ಟೇರಿಂಗ್ ಹಿಡಿದ ಹೆಂಗಸಿನ ಚಿತ್ರ ಬರೆಸಿದ್ದಾರೆ. ಸೀರೆ, ಬಳೆ, ನಗು, ಎಲ್ಲವೂ ಇದೆ. ಒಳಗೆ ಸ್ಟೇರಿಂಗ್ ಹಿಡಿದು ಕೂರುತ್ತಿದ್ದವನು ಮಾತ್ರ ಪುನೀತ್, ಅಧ್ಯಕ್ಷೆಯ ಗಂಡ ನಾಗರಾಜುವಿನ ಅಕ್ಕನ ಮಗ, ಮೂವತ್ತರ ಗಂಡಸು. ಸ್ತ್ರೀಶಕ್ತಿ ಸಂಘದವರಿಗೆ ಕೆಲಸವಾಗಲಿ, ಡ್ರೈವರೂ ಹೆಂಗಸೇ ಇರಲಿ ಎಂದು ಕೊಟ್ಟ ಗಾಡಿ ಅದು. ನಮ್ಮಲ್ಲಿ ಯಾರಿಗೂ ಓಡಿಸಲು ಬರುತ್ತಿರಲಿಲ್ಲ. "ನೀವು ಕಲಿಯೋಗಂಟ ನಮ್ ಉಡ್ಗ ಇರ್ಲಿ ಬುಡ್ರವ್ವ" ಎಂದು ನಾಗರಾಜು ಅವನನ್ನು ತಂದು ಕೂರಿಸಿದ. ಅಧ್ಯಕ್ಷೆ ಆತನ ಹೆಂಡತಿ. ಪಂಚಾಯಿತಿಯ ಕುರ್ಚಿ, ಫೋನು, ಗಾಡಿಯ ಕೀ ಮೂರೂ ಆತನ ಕೈಯಲ್ಲಿ. ಆಯಮ್ಮ ಆಗಸ್ಟ್ ಹದಿನೈದಕ್ಕೆ ಬಂದು ಬಾವುಟ ಹಾರಿಸಿ ಹೋಗುತ್ತಾಳೆ.

ನಾನು ಗಾಡಿ ಕಲಿಯಬೇಕು ಎಂದುಕೊಂಡದ್ದು ಯಾರ ಭಾಷಣ ಕೇಳಿಯೂ ಅಲ್ಲ, ಸಿಟ್ಟಿನಿಂದ. ಪುನೀತ್ ಮನೆಗಳ ಮುಂದೆ ಗಾಡಿ ನಿಲ್ಲಿಸುತ್ತಿರಲಿಲ್ಲ. ಹಾಡು ಹಾಕಿಕೊಂಡು ನಿಧಾನವಾಗಿ ಮುಂದೆ ಹೋಗುತ್ತಲೇ ಇರುತ್ತಿದ್ದ. ನಾನೂ ನನ್ನ ಜೊತೆಯ ಪುಟ್ಟಮಾದಮ್ಮನೂ ಸೋರುವ ಕವರುಗಳನ್ನು ಹಿಡಿದು ಹಿಂದೆ ಓಡಬೇಕು. ಪುಟ್ಟಮಾದಮ್ಮನಿಗೆ ಐವತ್ತೈದು ದಾಟಿದೆ, ಮಂಡಿ ನೋವು ಬೇರೆ. ಒಂದು ಬೆಳಿಗ್ಗೆ ಓಡುತ್ತ ಓಡುತ್ತ ಚರಂಡಿಗೆ ಜಾರಿ ಬಿದ್ದಳು. ನಾನು ಕಿರುಚಿಕೊಂಡೆ. ಅವನು ಕನ್ನಡಿಯಲ್ಲಿ ನೋಡಿ ನಕ್ಕ, ಕಿಟಕಿಯಿಂದ ಗುಟ್ಕಾ ಉಗಿದ, ಮುಂದಿನ ಬೀದಿಗೆ ತಿರುಗಿಸಿದ. ಉಗಿದದ್ದು ಗಾಳಿಗೆ ಹಾರಿ ನನ್ನ ತೋಳಿನ ಮೇಲೆ ಬಿತ್ತು. ಚೇಳು ಕುಟುಕಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆವತ್ತೇ ಸಂಘದ ಮೇಡಂಗೆ ಫೋನ್ ಮಾಡಿ, ಡ್ರೈವಿಂಗ್ ತರಬೇತಿಗೆ ನನ್ನ ಹೆಸರು ಬರೆದುಕೊಳ್ಳಿ ಎಂದೆ.

ಕಲಿಸಲು ಮದ್ದೂರಿನ ಅಫ್ಸರ್ ಪಾಷಾ ಅವರನ್ನು ಗೊತ್ತು ಮಾಡಿದರು. ವಯಸ್ಸಾದವರು, ಗ್ಯಾರೇಜು ಇಟ್ಟಿದ್ದಾರೆ. ನಮ್ಮ ಕಸ ಎತ್ತುವ ಕೆಲಸ ಮುಗಿದ ಮೇಲೆ ಹನ್ನೊಂದು ಗಂಟೆಗೆ ಸ್ಕೂಟರಿನಲ್ಲಿ ಬರುತ್ತಿದ್ದರು. ನಾಲೆಯ ಪಕ್ಕದ ಖಾಲಿ ಜಾಗದಲ್ಲಿ ಪಂಚಾಯಿತಿ ಗಾಡಿಯಲ್ಲೇ ಪಾಠ. ಮೂರು ದಿನ ಎಂಜಿನ್ನೇ ಹಾಕಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಕಾಲಲ್ಲೇ ಕ್ಲಚ್ಚು, ಬ್ರೇಕು ಹುಡುಕಿಸಿದರು. "ಹಾಲು ಉಕ್ಕೋವಾಗ ಗ್ಯಾಸು ಹೆಂಗೆ ಸಣ್ಣ ಮಾಡ್ತೀರಮ್ಮ? ಅಷ್ಟೇ ಇದು. ಹೆದರಿಕೊಂಡು ಪೂರ್ತಿ ಬಿಟ್ಟುಬಿಡಬೇಡಿ" ಎನ್ನುತ್ತಿದ್ದರು. ಗಾಡಿ ಹತ್ತು ಸಲ ಆಫ್ ಆದರೂ ಒಂದು ಸಲವೂ ಗದರಲಿಲ್ಲ. ನನ್ನಪ್ಪ, ನನ್ನ ಮೇಷ್ಟ್ರು, ನನ್ನ ಗಂಡ, ಈ ಮೂವರಲ್ಲಿ ಯಾರೂ ಹೀಗೆ ನನಗೆ ಏನನ್ನೂ ಹೇಳಿಕೊಟ್ಟವರಲ್ಲ.

ನಲವತ್ತರ ಮೇಲೆ ಕಲಿಯುವವರಿಗೆ ಬುದ್ಧಿಯ ಕೊರತೆ ಇರುವುದಿಲ್ಲ, ನಾಚಿಕೆ ಜಾಸ್ತಿ ಇರುತ್ತದೆ. ಟೀ ಅಂಗಡಿಯ ಗಂಡಸರು ನಾಲೆಯ ಸೇತುವೆಯ ಮೇಲೆ ಸಾಲಾಗಿ ಬಂದು ಕೂರುತ್ತಿದ್ದರು, ಪುಕ್ಕಟೆ ನಾಟಕ ನೋಡಲು. "ಅಕ್ಕೋ, ಒಲೆ ಅಂಟಿಸ್ದ್ಯಾ? ಒಗೆ ಬತ್ತಾ ಅದೆ!" ಎಂದು ಒಬ್ಬ ಕೂಗಿದರೆ ಉಳಿದವರೆಲ್ಲ ಕೇಕೆ. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಲೈಸೆನ್ಸೇ ಇಲ್ಲ. ನಾನು ಅದನ್ನೆಲ್ಲ ನುಂಗಿಕೊಂಡೆ. ಕಂಪ್ಯೂಟರಿನ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಒತ್ತಿ ಕಲಿಯುವವರ ಲೈಸೆನ್ಸು, ಆ ಎಲ್ಎಲ್ಆರ್ ಕೂಡ ತೆಗೆದುಕೊಂಡೆ. ನುಂಗಲಾರದ್ದು ಆಮೇಲೆ ಬಂತು.

ಪಾಠ ಶುರುವಾದ ಎರಡನೇ ವಾರ ನಾಗರಾಜು ನನ್ನನ್ನು ಆಫೀಸಿಗೆ ಕರೆಸಿದ. "ನೋಡಮ್ಮ ರೂಪ, ಗಾಡಿನ ಮುತ್ತತ್ತಿಗೆ ತಕ್ಕಂಡೋಗಿ ಪೂಜೆ ಮಾಡ್ಸಿವ್ನಿ. ಒಳಗೆ ಆಂಜನೇಯಸ್ವಾಮಿ ಕುಂತವ್ನೆ. ನೀನು ಒರಗಾದ ಐದು ದಿನ ಗಾಡಿ ಒಳಕ್ಕೆ ಅತ್ತಂಗಿಲ್ಲ."

"ಕಸ ಎತ್ತದು ಬ್ಯಾಡ್ವಾ ಅಂಗಾರೆ?" ಎಂದೆ.

"ಇಂದ್ಗಡೆ ಕಸ ಆಕು, ಯಾರ್ ಬ್ಯಾಡ ಅಂದ್ರು? ಮುಂದ್ಗಡೆ ಅತ್ಬ್ಯಾಡ ಅಂದೆ."

ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಹಿಂದೆ ಊರಿನ ಅಷ್ಟೂ ಹೆಂಗಸರ ಮುಟ್ಟಿನ ಪ್ಯಾಡುಗಳು ಕೋಳಿ ಪುಕ್ಕದ ಜೊತೆ ಕೊಳೆಯುತ್ತ ಬಿದ್ದಿರುತ್ತವೆ. ಮುಂದೆ ಪುನೀತನ ಸೀಟಿನ ಕೆಳಗೆ ಎಣ್ಣೆ ಪ್ಯಾಕೆಟ್ಟು, ಕಾಲ ಬಳಿ ಗುಟ್ಕಾ ಕಲೆ. ಅವೆಲ್ಲದರ ನಡುವೆ ಡ್ಯಾಶ್‌ಬೋರ್ಡಿನ ಮೇಲೆ ಆಂಜನೇಯನ ಫೋಟೋ, ತಾಜಾ ತುಳಸಿ ಹಾರ. ಆ ದೇವರ ಮೇಲೆ ನನಗೆ ಕೋಪವಿಲ್ಲ, ಪಾಪ, ಅವನನ್ನು ಯಾರೂ ಕೇಳಿಲ್ಲ. ಈ ಜನಕ್ಕೆ ಅಷ್ಟೂ ಕೊಳಕಿನಲ್ಲಿ ಮೈಲಿಗೆಯಾಗಿ ಕಂಡದ್ದು ನಾನೊಬ್ಬಳೇ.

ಆದರೂ ತಲೆ ಆಡಿಸಿದೆ. ಕೀ ಆತನ ಹತ್ತಿರ ಇತ್ತಲ್ಲ! ಹೀಗೆ ತಿಂಗಳಿಗೆ ಐದು ದಿನ ನನ್ನ ಪಾಠ ನಿಂತಿತು. ಐದು ದಿನ ಎಂದರೆ ಏನು ಮಹಾ ಎನ್ನಬೇಡಿ. ಹೊಸದಾಗಿ ಕಲಿತ ಕಾಲು ಐದು ದಿನದಲ್ಲಿ ಎಲ್ಲ ಮರೆಯುತ್ತದೆ. ಮತ್ತೆ ಹತ್ತಿ ಕೂತಾಗ ಕ್ಲಚ್ಚು ಯಾವುದೆಂದು ತಡಕಾಡುವ ಸ್ಥಿತಿ, ಮತ್ತೆ ಸೇತುವೆಯ ಮೇಲಿನ ಕೇಕೆ. ಪಾಷಾ ಅವರಿಗೆ ಮೊದಲ ತಿಂಗಳು ಜ್ವರ ಎಂದೆ, ಎರಡನೇ ತಿಂಗಳೂ ಜ್ವರ ಎಂದೆ. "ತಿಂಗಳು ತಿಂಗಳು ಜ್ವರ ಬರುತ್ತೇನಮ್ಮ?" ಎಂದು ಕೇಳಿದವರು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. "ನನ್ನ ಹತ್ರ ಬೇರೆ ಗಾಡಿ ಇಲ್ಲಮ್ಮ. ಇದ್ದಿದ್ರೆ ತರ್ತಿದ್ದೆ" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ. ಮೂರು ತಿಂಗಳಲ್ಲಿ ಮುಗಿಯಬೇಕಿದ್ದ ಪಾಠ ಆರು ತಿಂಗಳು ಎಳೆಯಿತು. ಸಂಬಳವಿಲ್ಲದಿದ್ದರೂ ಕೊನೆಯ ಮೂರು ತಿಂಗಳು ಅವರು ಬಂದರು.

ಕೊನೆಗೂ ಫೋನಿಗೆ ಮೆಸೇಜು ಬಂತು. ಮಂಡ್ಯದಲ್ಲಿ ಹದಿನೆಂಟನೇ ತಾರೀಕು ಬೆಳಿಗ್ಗೆ ಟೆಸ್ಟು, ಗಾಡಿ ನಾವೇ ತರಬೇಕು. ಅದು ತಪ್ಪಿದರೆ ಇನ್ನು ಹತ್ತು ದಿನಕ್ಕೆ ನನ್ನ ಎಲ್ಎಲ್ಆರ್ ಮುಗಿಯುತ್ತದೆ, ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ತಿಂಗಳ ಕೊನೆಯ ಮೀಟಿಂಗಿನಲ್ಲಿ, ಸಂಘದವರಿಗೆ ಕಲಿಯಲು ಆಗಲಿಲ್ಲ ಎಂದು ಬರೆದು ಪುನೀತನನ್ನೇ ಕಾಯಂ ಮಾಡುವುದೆಂದು ಆಫೀಸಿನಲ್ಲಿ ಆಗಲೇ ಮಾತಾಗಿತ್ತು. ಅದು ಗೊತ್ತಿದ್ದೇ ನಾನು ಬೆರಳು ಮಡಚಿ ದಿನ ಎಣಿಸಿದೆ. ಒಂದೆರಡು ದಿನ ತಡವಾಗಲಪ್ಪ ಎಂದು ಬೇಡಿಕೊಂಡೆ. ಹದಿನೇಳರ ಬೆಳಿಗ್ಗೆಯೇ ಬಂದುಬಿಟ್ಟಿತು. ಕಸ ಬೇರ್ಪಡಿಸುವ ಶೆಡ್ಡಿನ ಹಿಂದೆ ನಾನು ಸೀರೆ ತೊಳೆದುಕೊಳ್ಳುವಾಗ ಪುಟ್ಟಮಾದಮ್ಮ ನೋಡಿದಳು. ನೋಡಿ, ಪೊರಕೆ ತೆಗೆದುಕೊಂಡು ಹೋದಳು.

ಮಧ್ಯಾಹ್ನ ಕೀ ಕೇಳಲು ಆಫೀಸಿಗೆ ಹೋದೆ. ನಾಗರಾಜು ಕುರ್ಚಿಯಲ್ಲಿದ್ದ. ಇಬ್ಬರು ಮೆಂಬರುಗಳು, ಬಿಲ್ ಕಲೆಕ್ಟರು ಟೀ ಕುಡಿಯುತ್ತಿದ್ದರು. ಪುಟ್ಟಮಾದಮ್ಮ ಜಗಲಿ ಗುಡಿಸುತ್ತಿದ್ದಳು.

"ನಾಳೆ ಗಾಡಿ ಕೊಡಕ್ಕಾಗಲ್ಲ ಕಣಮ್ಮ" ಎಂದ.

"ಯಾಕಣ್ಣ? ನಾನು ಓದ್ ವಾರ್ವೇ ಏಳಿವ್ನಲ್ಲ."

ಆತ ತಿರುಗಿ ಗೋಡೆಯ ಕ್ಯಾಲೆಂಡರಿನ ಕಡೆ ಪೆನ್ನು ತೋರಿಸಿದ. "ಆಚೆ ತಿಂಗ್ಳು ಇಪ್ಪತ್ತೆರಡಕ್ಕೆ. ಓದ್ ತಿಂಗ್ಳು ಇಪ್ಪತ್ತಕ್ಕೆ. ನೀನೇ ನೋಡ್ಕೊ. ಇವತ್ತೋ ನಾಳೆನೋ ಬರಬೇಕು."

ಕ್ಯಾಲೆಂಡರಿನ ಮೇಲೆ ಕೆಂಪು ಸುತ್ತುಗಳಿದ್ದವು. ತಿಂಗಳಿಗೊಂದು. ನಾನು ಎಷ್ಟೋ ಸಲ ನೋಡಿದ್ದೆ, ನಾಲೆಗೆ ನೀರು ಬಿಡುವ ದಿನ ಇರಬೇಕು ಎಂದುಕೊಂಡಿದ್ದೆ. ನನ್ನ ಗಂಡ ಸ್ವಾಮಿಗೆ ಇಪ್ಪತ್ತು ವರ್ಷ ಸಂಸಾರ ಮಾಡಿದರೂ ನನ್ನ ತಾರೀಕು ಗೊತ್ತಿಲ್ಲ. ಈ ಗಂಡಸು ನಾನು ಪಾಠಕ್ಕೆ ಕೀ ಕೇಳದ ದಿನ ನೋಡಿಕೊಂಡು ಅದನ್ನು ಗುರುತು ಹಾಕಿ, ಖಾತೆಗೆ ಬಂದವರು, ಮನೆಗೆ ಅರ್ಜಿ ಹಾಕಲು ಬಂದವರು, ಎಲ್ಲರ ಕಣ್ಣಿಗೆ ಬೀಳುವಂತೆ ನೇತು ಹಾಕಿದ್ದ. ಟೀ ಕುಡಿಯುತ್ತಿದ್ದ ಮೂವರಿಗೂ ಆ ಸುತ್ತು ಏನೆಂದು ಗೊತ್ತಿತ್ತು, ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಇಷ್ಟು ವರ್ಷ ಇವರ ಕಸ ಎತ್ತಿದರೂ ಬರದ ವಾಕರಿಕೆ ಆಗ ಗಂಟಲಿಗೆ ಬಂತು.

ಒಬ್ಬ ಮೆಂಬರು ಲೋಟ ಕೆಳಗಿಟ್ಟು ನಕ್ಕ. "ಈಗೇನ್ ಅವಸ್ರ? ನಿಂತ್ ಮ್ಯಾಲೆ ಕಲೀಲಿ ಬುಡಿ. ಇನ್ನೆಷ್ಟು, ನಾಕೈದು ವರ್ಸ."

"ನಿಂತೋಯ್ತು" ಎಂದೆ.

ನಾನೇ ಹೇಳಿದೆನೇ ಎಂದು ನನಗೇ ಅನುಮಾನ ಬಂತು. ನಾಗರಾಜು, "ಏನಂದೆ?" ಎಂದ.

"ನಿಂತೋಯ್ತು ಅಂದೆ. ಗರ್ಬಕೋಸ ಸರಿಯಿಲ್ಲ ಅಂತ ಮಳವಳ್ಳಿ ಡಾಕ್ಟ್ರು ಸೂಜಿ ಆಕವ್ರೆ. ಇನ್ನ ಬರಾಕಿಲ್ಲ. ಬೇಕಾರೆ ಆ ಕ್ಯಾಲೆಂಡ್ರು ತಗ್ದಾಕಿ."

ಆತ ನನ್ನನ್ನು ನಂಬಲಿಲ್ಲ. ಜಗಲಿಯ ಕಡೆ ತಿರುಗಿ, "ದಿಟ್ವೇನಮ್ಮ, ಪುಟ್ಟಮಾದಮ್ಮ?" ಎಂದ.

ಪೊರಕೆಯ ಸದ್ದು ನಿಂತಿತು. ಪುಟ್ಟಮಾದಮ್ಮ ಶನಿವಾರ ಒಪ್ಪತ್ತು ಇರುವವಳು, ಆಂಜನೇಯನ ಹೆಸರೆತ್ತಿದರೆ ಕೆನ್ನೆ ಬಡಿದುಕೊಳ್ಳುವವಳು. ಈಗ ಹೇಳುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ನೆಲ ನೋಡಿಕೊಂಡೇ, "ಊಂ ಕಣಪ್ಪ" ಎಂದಳು.

"ಅಂಗಾರೆ ಸರಿ ಬುಡು. ಇನ್ನೇನು, ನೀನೂ ನಮ್ಮಂಗೇ ಆದೆ" ಎಂದು ನಾಗರಾಜು ನಕ್ಕ. ಅಷ್ಟು ದಿನ ಕೀಯನ್ನು ಮೇಜಿನ ಮೇಲೆ ಇಡುತ್ತಿದ್ದ, ನಾನು ಎತ್ತಿಕೊಳ್ಳಬೇಕಿತ್ತು. ಆವತ್ತು ಕೈಗೇ ಕೊಟ್ಟ. ಆತನ ಬೆರಳು ತಾಗಿದ ಜಾಗವನ್ನು ಸೀರೆಗೆ ಉಜ್ಜಿಕೊಂಡೇ ಹೊರಗೆ ಬಂದೆ.

ಪುಟ್ಟಮಾದಮ್ಮ ಬೀದಿಯ ತಿರುವಿನಲ್ಲಿ ನನ್ನ ಕೈ ಹಿಡಿದಳು. "ನೀನು ಓಡ್ಸುದ್ರೆ ನಾನು ಓಡದು ತಪ್ತದೆ ಅಂತ ಸುಳ್ಳೇಳ್ದೆ ಕಣ್ ರೂಪಿ. ದೇವ್ರು ಮುನ್ಕಂಡು ನನ್ ಮೊಮ್ಮಗಿಗೆ ಏನಾರ ಆದ್ರೆ ನಿನ್ನೇ ಕೇಳದು" ಎಂದಳು. ಅವಳು ಅಂದಿನಿಂದ ಇಂದಿನವರೆಗೆ ಮುಂದಿನ ಸೀಟಿನಲ್ಲಿ ಕೂತಿಲ್ಲ. ಮಳೆ ಬಂದರೂ ಹಿಂದೆ ಕಸದ ಜೊತೆಯೇ ನಿಲ್ಲುತ್ತಾಳೆ.

ಮಾರನೆಯ ದಿನ ಪಾಷಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಂಡ್ಯಕ್ಕೆ ನಾನೇ ಓಡಿಸಿದೆ. ಗುತ್ತಲು ಹತ್ತಿರ ಲಾರಿಗಳ ಮಧ್ಯೆ ಸಿಕ್ಕಿಕೊಂಡೆ, ಆದರೂ ಆಫ್ ಮಾಡಲಿಲ್ಲ. ಹೊಟ್ಟೆ ಹಿಂಡುತ್ತಿತ್ತು, ಸೊಂಟ ಕಳಚಿ ಬೀಳುವಂತಿತ್ತು. ಟೆಸ್ಟಿನ ಜಾಗದಲ್ಲಿ ಏರಿನಲ್ಲಿ ನಿಲ್ಲಿಸಿ ಎತ್ತಿದೆ, ಹಿಂದಕ್ಕೆ ತಂದು ಗೆರೆಯೊಳಗೆ ನಿಲ್ಲಿಸಿದೆ. ಪರೀಕ್ಷೆ ಮಾಡಿದವರು "ಆಯ್ತು, ಇಳೀರಿ" ಎಂದರು, ಅಷ್ಟೇ. ಪಾಷಾ ಅವರು ಟೀ ತಂದುಕೊಟ್ಟು, "ನೋಡಿದ್ರಾ, ಬರುತ್ತೆ ಅಂತ ನಾನು ಹೇಳಿರಲಿಲ್ವಾ?" ಎಂದರು. ಖುಷಿಯಾಯಿತು, ಇಲ್ಲ ಎನ್ನುವುದಿಲ್ಲ. ಆರು ತಿಂಗಳಲ್ಲಿ ಮೊದಲ ಸಲ ಅತ್ತುಬಿಟ್ಟೆ.

ಲೈಸೆನ್ಸು ಬಂತು, ಪುನೀತ್ ಇಳಿದ, ನಾನು ಹತ್ತಿದೆ. ಪ್ರತಿ ಮನೆಯ ಮುಂದೂ ಗಾಡಿ ನಿಲ್ಲುತ್ತದೆ, ಪುಟ್ಟಮಾದಮ್ಮ ನಡೆದೇ ಬರುತ್ತಾಳೆ. ಸೇತುವೆಯ ಮೇಲಿನವರು ಈಗ ಬಾಯಿ ಬಿಡುವುದಿಲ್ಲ. ಆದರೆ ಆಫೀಸಿನಲ್ಲಿ ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಹರಡಿತ್ತು. ಕವರು ಕೊಡುವ ಹೆಂಗಸರು "ಅಯ್ಯೋ, ಇಷ್ಟ್ ಬ್ಯಾಗ್ನೇ ನಿಂತೋಯ್ತೇನವ್ವ?" ಎಂದು ಕೆನ್ನೆ ಮೇಲೆ ಬೆರಳಿಟ್ಟುಕೊಳ್ಳುತ್ತಾರೆ. ಸ್ವಾಮಿಯನ್ನು ಟೀ ಅಂಗಡಿಯಲ್ಲಿ ಅದಿನ್ನೇನೇನೋ ಆಡಿಕೊಂಡರಂತೆ. ಮನೆಗೆ ಬಂದು ತಟ್ಟೆ ಎಸೆದ. "ಊರ್ಗೆಲ್ಲ ಸಾರ್ಕಂಡು ಬಂದ್ಯಾ? ನಾನು ತಲೆ ಎತ್ಕಂಡ್ ತಿರುಗ್ಬಾರ್ದಾ?" ಎಂದ. ಕ್ಯಾಲೆಂಡರಿನ ಸಂಗತಿ ಹೇಳಿದೆ. ಅದಕ್ಕೆ ಅವನಿಗೆ ಸಿಟ್ಟೇ ಬರಲಿಲ್ಲ. ಆವತ್ತಿನಿಂದ ಅವನ ಜೊತೆ ಮಾತು ಎಷ್ಟು ಬೇಕೋ ಅಷ್ಟೆ.

ಸುಳ್ಳು ಹೇಳುವುದು ಒಂದು ದಿನದ ಕೆಲಸ ಎಂದುಕೊಂಡಿದ್ದೆ. ಅದು ಪ್ರತಿ ತಿಂಗಳ ಕೆಲಸ. ಹೊಟ್ಟೆ ನೋವು ಎನ್ನುವಂತಿಲ್ಲ. ಮಧ್ಯದಲ್ಲಿ ಇಳಿದು ಯಾರ ಮನೆಯ ಬಚ್ಚಲನ್ನೂ ಕೇಳುವಂತಿಲ್ಲ. ಊರಿನ ಅಷ್ಟೂ ಹೆಂಗಸರ ಪ್ಯಾಡುಗಳನ್ನು ಈ ಗಾಡಿಯಲ್ಲೇ ಸಾಗಿಸುತ್ತೇನೆ, ನನ್ನದೊಂದನ್ನು ಇದಕ್ಕೆ ಹಾಕುವ ಧೈರ್ಯ ನನಗಿಲ್ಲ. ಕಾಗದದಲ್ಲಿ ಸುತ್ತಿ, ಟಿಫನ್ ಚೀಲದ ತಳದಲ್ಲಿಟ್ಟು ಮನೆಗೆ ತಂದು, ನೀರೊಲೆಗೆ ಹಾಕಿ ಸುಡುತ್ತೇನೆ. ಆ ಹೊಗೆಯ ಮುಂದೆ ಕೂತಾಗ ನಾಗರಾಜುವಿನ ಮೇಲೆ ಬರುವಷ್ಟೇ ಹೇಸಿಗೆ ನನ್ನ ಮೇಲೂ ಬರುತ್ತದೆ.

ಈ ವರ್ಷ ಪಕ್ಕದ ಮೂರು ಹಳ್ಳಿಗಳಿಗೆಂದು ಎರಡನೇ ಗಾಡಿ ಬಂತು. ಡ್ರೈವಿಂಗ್ ಕಲಿಯುತ್ತೇನೆ ಎಂದು ದೀಪಿಕ ಅರ್ಜಿ ಕೊಟ್ಟಳು. ಇಪ್ಪತ್ತಾರು ವರ್ಷ, ಪಿಯುಸಿಗೆ ಓದು ಬಿಡಿಸಿ ಮದುವೆ ಮಾಡಿದ್ದರು, ಗಂಡ ಬಿಟ್ಟು ಹೋಗಿ ತವರಿನಲ್ಲಿದ್ದಾಳೆ. ನಾನು ಗಾಡಿ ಓಡಿಸುವುದನ್ನು ಬಾಗಿಲಲ್ಲಿ ನಿಂತು ಕಣ್ಣಿಟ್ಟು ನೋಡುತ್ತಿದ್ದವಳು. ಅರ್ಜಿಯನ್ನು ನಾಗರಾಜು ಸಂಘದ ಸಭೆಯಲ್ಲಿ ಎಲ್ಲರೆದುರು ಎತ್ತಿ ಹಿಡಿದ.

"ಮಕ್ಳೇ, ಕಲಿಯೋರ್ಗೆ ನಾನು ಅಡ್ಡ ಬರೋನಲ್ಲ. ರೂಪಮ್ಮುನ್ನ ನೋಡಿ. ಕಲೀಲಿಲ್ವಾ? ಓಡಿಸ್ತಾ ಇಲ್ವಾ? ಆಯಮ್ಮುಂಗೆ ಆ ತಾಪತ್ರಯ ಇಲ್ಲ, ತಿಂಗ್ಳಲ್ಲಿ ಒಂದಿನ ಗಾಡಿ ನಿಲ್ಲಲ್ಲ. ಅಂಗೆ ನಿಂತೋರು ಯಾರಾರ ಇದ್ರೆ ಕೈಯೆತ್ತಿ, ನಾಳೆಯಿಂದ್ಲೇ ಪಾಠ." ಹಾಗೆಯೇ ನಡಾವಳಿಗೂ ಬರೆಸಿದ: ಚಾಲಕಿ ತರಬೇತಿಗೆ ನಲವತ್ತೈದು ವರ್ಷ ಮೇಲ್ಪಟ್ಟವರು ಮಾತ್ರ. ಕಾರಣ ಬರೆಯಲಿಲ್ಲ. ಸಭೆಯಲ್ಲಿದ್ದ ನಲವತ್ತೈದು ದಾಟಿದವರೆಲ್ಲ, ಈ ವಯಸ್ಸಿಗೆ ನಮಗ್ಯಾಕೆ ಬೇಕು ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹೊಸ ಗಾಡಿಗೆ ಪುನೀತ್ ಹತ್ತಿದ. ಸಭೆಯಲ್ಲಿ ನಾನೂ ಇದ್ದೆ. ಎಲ್ಲರೂ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.

ಎರಡು ದಿನ ಬಿಟ್ಟು ದೀಪಿಕಳ ಬೀದಿಗೆ ಗಾಡಿ ತಂದೆ. ನನಗೆ ಆವತ್ತು ಎರಡನೇ ದಿನ, ಬೆವರು ಹರಿಯುತ್ತಿತ್ತು. ಅವಳು ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿಯೇ ಕೊಡುವವಳು, ಊರಿಗೆಲ್ಲ ಅವಳೊಬ್ಬಳೇ. ಎರಡೂ ಬಕೆಟ್ ಪುಟ್ಟಮಾದಮ್ಮನ ಕೈಗೆ ಕೊಟ್ಟು ನನ್ನ ಕಿಟಕಿಯ ಹತ್ತಿರ ಬಂದಳು.

"ರೂಪಕ್ಕ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಿಮ್ಗೆ ದಿಟ್ವಾಗ್ಲೂ ನಿಂತದಾ?"

ಹಿಂದೆ ಪುಟ್ಟಮಾದಮ್ಮ ಬಕೆಟ್ ಕೊಡವುವುದನ್ನು ನಿಲ್ಲಿಸಿದಳು. ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ ಅವಳು ಸುಮ್ಮನಿರುವ ಹುಡುಗಿಯಲ್ಲ, ನೇರವಾಗಿ ಆಫೀಸಿಗೆ ಹೋಗಿ ಜಗಳ ತೆಗೆಯುತ್ತಾಳೆ. ನಾಳೆ ಈ ಗಾಡಿಯ ಕೀ ನನ್ನ ಕೈಯಲ್ಲಿರುವುದಿಲ್ಲ, ಪುಟ್ಟಮಾದಮ್ಮ ಮತ್ತೆ ಹಿಂದೆ ಓಡುತ್ತಾಳೆ, ನನ್ನ ತಾರೀಕಿಗೆ ಮತ್ತೆ ಕೆಂಪು ಸುತ್ತು. ಅವಳ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿತ್ತು. ಹೌದು ಎಂದರೆ ಅವಳ ಕಥೆ ಅಲ್ಲಿಗೆ ಮುಗಿಯಿತು ಎನ್ನುವುದು ನನಗೂ ಗೊತ್ತಿತ್ತು.

"ಊಂ ಕಣಮ್ಮ" ಎಂದೆ.

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಅಂಗಾರೆ ನಾನಿನ್ನ ಇಪ್ಪತ್ತು ವರ್ಸ ಕಾಯ್ಬೇಕಾ ಅಕ್ಕ?"

"ಕಾಯ್ಬೇಕು" ಎಂದೆ. ನಾಗರಾಜು ಹೇಳಿದ್ದರೆ ಅವಳು ಮುಖಕ್ಕೆ ಉಗಿದು ಬರುತ್ತಿದ್ದಳು. ನಾನು ಹೇಳಿದೆನಲ್ಲ, ನಂಬಿಬಿಟ್ಟಳು.